ನವಲೆ ಬ್ರಿಜ್ಜಿನ ಇಳುಕಲು, ಬ್ಯಾಟರಿ ಗಾಡಿಗಳ ಕಾಲ

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಬೈಕಿನ ಮೇಲೆ ಹೊರಟಿದ್ದ ಇಬ್ಬರು ಸಾಫ್ಟ್‌ವೇರ್ ಇಂಜಿನಿಯರುಗಳಿಗೆ ಕಾರೊಂದು ಬಂದು ಗುದ್ದಿತು. ಇಬ್ಬರಿಗೂ ಇಪ್ಪತ್ನಾಲ್ಕು ವರ್ಷ. ಇಬ್ಬರೂ ಉಳಿಯಲಿಲ್ಲ. ಕಾರಿನಲ್ಲಿದ್ದ ಹುಡುಗನಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ರಸ್ತೆ ಅಪಘಾತದ ಮೇಲೆ ಮುನ್ನೂರು ಪದಗಳ ಪ್ರಬಂಧ ಬರೆಯಬೇಕು ಎಂಬ ಷರತ್ತು ಹಾಕಿ ಅವನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಟ್ಟಾಗ ಇಡೀ ದೇಶ ಸಿಟ್ಟಿಗೆದ್ದಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಗದ್ದಲದ ನಡುವೆ ಒಂದು ವಿಷಯ ಹೆಚ್ಚು ಚರ್ಚೆಯಾಗದೆ ಸರಿದುಹೋಯಿತು. ಆ ಕಾರು ಪೋರ್ಷೆ ಟೈಕಾನ್. ಪೆಟ್ರೋಲಿನ ಹನಿಯೂ ಬೇಡದ, ಪೂರ್ತಿ ಬ್ಯಾಟರಿಯ ಮೇಲೆ ಓಡುವ ಗಾಡಿ.

ಅದನ್ನು ತರಿಸಿಕೊಟ್ಟದ್ದು ಬೆಂಗಳೂರಿನ ಡೀಲರ್. ಅಲ್ಲಿಂದ ತಾತ್ಕಾಲಿಕ ನೋಂದಣಿಯ ಮೇಲೆ ಪುಣೆಗೆ ಬಂದಿತ್ತು. ಇಲ್ಲಿ ಕಾಯಂ ನೋಂದಣಿ ಆಗಿರಲಿಲ್ಲ, ನಂಬರ್ ಪ್ಲೇಟೂ ಇರಲಿಲ್ಲ. ಕಾರಣ ಕೇಳಿದಾಗ ಹೊರಬಿದ್ದದ್ದು, ಕಟ್ಟಬೇಕಿದ್ದ 1,758 ರೂಪಾಯಿ ಶುಲ್ಕ ಬಾಕಿ ಉಳಿದಿತ್ತು ಎಂಬ ಮಾತು. ಕೋಟಿ ದಾಟಿದ ಬೆಲೆಯ ಕಾರಿಗೆ ಇಷ್ಟೇಕೆ ಕಡಿಮೆ ಶುಲ್ಕ ಅಂದರೆ, ಮಹಾರಾಷ್ಟ್ರ ಸರ್ಕಾರ ಇಲೆಕ್ಟ್ರಿಕ್ ವಾಹನಗಳಿಗೆ ರಸ್ತೆ ತೆರಿಗೆ ಮಾಫಿ ಮಾಡಿತ್ತು. ಗಾಳಿ ಹಸನಾಗಲಿ ಎಂದು ಸಾರ್ವಜನಿಕರ ಬೊಕ್ಕಸ ಬಿಟ್ಟುಕೊಟ್ಟ ತೆರಿಗೆ ಅದು. ಅದರ ಬದಲಿಗೆ ಆ ಗಾಡಿಯಿಂದ ಬೀದಿ ಏನನ್ನು ಕೇಳಿತ್ತು? ಏನನ್ನೂ ಕೇಳಿರಲಿಲ್ಲ. ಈ ಪ್ರಶ್ನೆ ಅಂದಿನಿಂದ ನನ್ನ ತಲೆಯಿಂದ ಇಳಿದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಲೆಕ್ಟ್ರಿಕ್ ವಾಹನಗಳ ಪರ. ಪುಣೆಯಲ್ಲಿ ಸಂಜೆ ಸಿಂಹಗಡ ರೋಡಿನಲ್ಲಿ ಸಿಗ್ನಲ್ಲಿಗೆ ನಿಂತವರು ಯಾರೇ ಆದರೂ ಪರವಾಗಿಯೇ ಇರುತ್ತಾರೆ. ಕೆಂಪು ದೀಪ ಬಿದ್ದು ಅರ್ಧ ನಿಮಿಷದೊಳಗೆ ಗಂಟಲು ಕೆರೆಯತೊಡಗುತ್ತದೆ. ಚೌಕದಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಪೊಲೀಸರು, ಕೈಗಾಡಿಯವರು, ರಸ್ತೆ ಅಗೆಯುವ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಜನ, ಇವರೆಲ್ಲ ಉಸಿರಾಡುವುದು ಕಾರಿನ ಗಾಜಿನೊಳಗಿನ ಗಾಳಿಯನ್ನಲ್ಲ. ಹೊಗೆ ಕಡಿಮೆಯಾದರೆ ಮೊದಲು ಉಳಿಯುವುದು ಅವರ ಎದೆಗೂಡು.

ಮೇಲಾಗಿ ಈ ಬದಲಾವಣೆ ನಡೆಯುತ್ತಿರುವುದೇ ಪುಣೆಯ ಸುತ್ತ. 1972ರಲ್ಲಿ ಬಂದ ಬಜಾಜ್ ಚೇತಕ್ ಒಂದು ಕಾಲಕ್ಕೆ ಮಧ್ಯಮವರ್ಗದ ಮನೆಯ ಸದಸ್ಯನೇ ಆಗಿತ್ತು. ಅದು 2020ರ ಜನವರಿಯಲ್ಲಿ ಬ್ಯಾಟರಿ ಸ್ಕೂಟರಾಗಿ ಮರಳಿ ಬಂತು. ಅದೇ ತಿಂಗಳು ಟಾಟಾದ ನೆಕ್ಸಾನ್ ಇವಿ ಮಾರುಕಟ್ಟೆಗೆ ಬಂತು, ಅದು ತಯಾರಾಗುವುದು ಇಲ್ಲೇ ರಾಂಜಣಗಾಂವ್‌ನಲ್ಲಿ. ಮಹೀಂದ್ರದ ಬ್ಯಾಟರಿ ಕಾರುಗಳು ಚಾಕಣದಲ್ಲಿ. ಈ ಗಾಡಿಗಳನ್ನೆಲ್ಲ ಪರೀಕ್ಷೆ ಮಾಡಿ ಸೈ ಎನ್ನುವ ಸಂಸ್ಥೆಗಳಲ್ಲೊಂದು ಕೋಥರೂಡಿನ ಪಕ್ಕದ ವೇತಾಳ ಗುಡ್ಡದ ಮೇಲಿದೆ. ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಉದ್ದ ಹೆಸರು ಯಾರೂ ಹೇಳುವುದಿಲ್ಲ, ಆ ಗುಡ್ಡವನ್ನೇ ಜನ ಎಆರ್‌ಎಐ ಟೇಕಡಿ ಅನ್ನುತ್ತಾರೆ. ಬೆಳಿಗ್ಗೆ ವಾಕಿಂಗ್‌ಗೆ ಅಲ್ಲಿಗೆ ಹೋಗುವ ಕನ್ನಡದ ಹಿರಿಯರ ಒಂದು ಗುಂಪೇ ಇದೆ. ಬೆಳಗಾವಿ, ಬಾಗಲಕೋಟೆ ಕಡೆಯ ಐಟಿಐ ಹುಡುಗರು ಚಾಕಣದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಹಾಗಾಗಿ ಬ್ಯಾಟರಿ ಗಾಡಿ ಎಂದರೆ ನಮಗೆ ಎಲ್ಲೋ ದೂರದ ಸುದ್ದಿಯಲ್ಲ, ನಮ್ಮವರ ಸಂಬಳದ ವಿಷಯ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನು ನೋಡಲೇಬೇಕು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯವೇ ಪ್ರಕಟಿಸಿದ ಲೆಕ್ಕ. ಮಹಾರಾಷ್ಟ್ರವೊಂದರಲ್ಲೇ ಹದಿನೈದು ಸಾವಿರ ದಾಟಿತ್ತು. ದೇಶದಲ್ಲಿ ಸತ್ತವರಲ್ಲಿ ನೂರಕ್ಕೆ ನಲವತ್ನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು, ಹೆಚ್ಚುಕಡಿಮೆ ಇಪ್ಪತ್ತು ಜನ ಕಾಲ್ನಡಿಗೆಯವರು. ಕಾರಿನಲ್ಲಿ ಕೂತು ಸತ್ತವರು ಇವರಿಗಿಂತ ಬಹಳ ಕಡಿಮೆ. ಸಾವಿನ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅತಿವೇಗ. ಈ ಲೆಕ್ಕದಲ್ಲಿ ಪೆಟ್ರೋಲ್, ಡೀಸೆಲ್, ಬ್ಯಾಟರಿ ಎಂಬ ಭೇದ ಎಲ್ಲಿಯೂ ಕೆಲಸಕ್ಕೆ ಬರುವುದಿಲ್ಲ. ಗುದ್ದಿದ್ದು ಏನು ಕುಡಿದು ಓಡುತ್ತಿತ್ತು ಎಂಬುದು ಗುದ್ದಿಸಿಕೊಂಡ ಮೈಗೆ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ತೂಕ ಮತ್ತು ವೇಗ.

ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೂವತ್ತರ ವೇಗದಲ್ಲಿ ಕಾರು ತಾಗಿದರೆ ನಡೆಯುವವನು ಕೈಕಾಲು ಮುರಿದುಕೊಂಡಾದರೂ ಬದುಕುವ ಸಾಧ್ಯತೆ ಹೆಚ್ಚು. ಅರವತ್ತರಲ್ಲಿ ಆ ಸಾಧ್ಯತೆ ಬಹಳ ಕುಗ್ಗುತ್ತದೆ. ಇನ್ನು ತೂಕ. ಒಂದೇ ಮಾದರಿಯ ಕಾರಿನ ಪೆಟ್ರೋಲ್ ಗಾಡಿಗೂ ಬ್ಯಾಟರಿ ಗಾಡಿಗೂ ಸುಮಾರು ಎರಡು-ಮೂರು ಕ್ವಿಂಟಲ್ ವ್ಯತ್ಯಾಸ ಬರುತ್ತದೆ, ಅಷ್ಟು ಭಾರದ ಬ್ಯಾಟರಿ ಕೆಳಗೆ ಕೂತಿರುತ್ತದೆ. ಮೂರನೆಯದು ಎಳೆತ. ಪೆಟ್ರೋಲ್ ಇಂಜಿನ್ ಜೋರು ಹಿಡಿಯಲು ಸ್ವಲ್ಪ ಹೊತ್ತು ಬೇಕು, ಗೇರು ಬದಲಾಗಬೇಕು, ಸದ್ದು ಏರಬೇಕು. ಮೋಟರಿಗೆ ಅದೇನೂ ಬೇಡ. ಪೆಡಲ್ ಒತ್ತಿದ ಕ್ಷಣವೇ ಪೂರ್ತಿ ಎಳೆತ ಸಿಗುತ್ತದೆ. ಷೋರೂಮಿನಲ್ಲಿ ಇದನ್ನೇ ಮೊದಲು ತೋರಿಸುತ್ತಾರೆ. 'ಸ್ಪೋರ್ಟ್ ಮೋಡ್ ಹಾಕಿ ನೋಡಿ ಸರ್' ಅನ್ನುತ್ತಾರೆ. ಕಾಲಿನ ಹೆಬ್ಬೆರಳು ಅಲುಗಿದರೆ ಮುಂದಕ್ಕೆ ಚಿಮ್ಮುವ ಗಾಡಿಯನ್ನು ಶಾಲೆ ಬಿಡುವ ಹೊತ್ತಿನ ಓಣಿಗೆ ಮಾರುತ್ತಿದ್ದೇವೆ ಎಂಬ ಯೋಚನೆ ಅಲ್ಲಿ ಯಾರಿಗೂ ಬರುವುದಿಲ್ಲ.

ಸದ್ದಿನ ಮಾತು ಬಂತು. ನಮ್ಮ ಪಕ್ಕದ ಮನೆಯ ಕಾಕು ಜಮಖಂಡಿಯವರು, ಎಪ್ಪತ್ತು ದಾಟಿದೆ. ನರ್‍ಹೆಯ ಸರ್ವಿಸ್ ರೋಡಿನ ಆಚೆ ತರಕಾರಿಯವಳ ಹತ್ತಿರ ಜೋಳದ ಹಿಟ್ಟು, ಮೆಂತ್ಯೆ ತರಲು ದಿನಾ ಹೋಗುತ್ತಾರೆ. ಅವರ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಒಂದು ಬದಿ ಅಷ್ಟು ಸ್ಪಷ್ಟವಿಲ್ಲ. ಅವರು ರಸ್ತೆ ದಾಟುವುದನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ, ದಾಟುವ ಮೊದಲು ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ ನಿಲ್ಲುತ್ತಾರೆ. ನೋಡುವುದಕ್ಕಲ್ಲ, ಕೇಳುವುದಕ್ಕೆ. ಬಸ್ಸು, ಟೆಂಪೊ, ಬುಲೆಟ್, ರಿಕ್ಷಾ, ಎಲ್ಲದರ ದೂರವನ್ನೂ ಕಿವಿಯಿಂದಲೇ ಅಳೆಯುತ್ತಾರೆ. ಒಂದು ದಿನ ಹಾಗೆ ನಿಂತು, ಖಾಲಿ ಎಂದು ಕಾಲಿಟ್ಟರೆ, ಸೀರೆಯ ಸೆರಗು ಸವರಿಕೊಂಡು ಡೆಲಿವರಿ ಹುಡುಗನ ಬ್ಯಾಟರಿ ಸ್ಕೂಟರೊಂದು ಹಾದುಹೋಯಿತು. ಚೀಲ ಕೈಯಿಂದ ಜಾರಿತು. ನಾನು ಹಿಡಿದು ನಿಲ್ಲಿಸಿದೆ. 'ಕಿವಿ ಮ್ಯಾಲ ನಂಬಿಗಿ ಇಟ್ಟು ದಾಟತಿದ್ನೆಪಾ ತಮ್ಮಾ, ಈಗ ಅದೂ ಹೋತು' ಅಂದರು. ಅಂದಿನಿಂದ ಯಾರಾದರೂ ಜೊತೆಗೆ ದಾಟುವವರು ಸಿಗುವವರೆಗೆ ಕಾಯುತ್ತಾರೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಯ, 2021ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಇಲೆಕ್ಟ್ರಿಕ್ ಕಾರುಗಳೂ ನಿಧಾನವಾಗಿ ಚಲಿಸುವಾಗ ಕೇಳುವಂಥ ಒಂದು ಸದ್ದು ಹೊರಡಿಸಲೇಬೇಕು. ವೇಗ ಇಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ ಟಯರಿನ ಸದ್ದೇ ಸಾಕಾಗುತ್ತದೆ ಎಂಬ ಲೆಕ್ಕ. ಅಂಧರ ಸಂಘಟನೆಗಳು ಒತ್ತಾಯಿಸಿದ ಮೇಲೆ ಬಂದ ನಿಯಮ ಇದು. ನಮ್ಮಲ್ಲಿಯೂ ಇದಕ್ಕೆ ಮಾನದಂಡ ರೂಪುಗೊಂಡಿದೆ. ಆದರೆ ಕಾರುಗಳಿಗೆ ಸದ್ದು ಕೂರಿಸಿ ಸ್ಕೂಟರುಗಳನ್ನು ಬಿಟ್ಟುಬಿಟ್ಟರೆ ನಮ್ಮ ಬೀದಿಗೆ ಅದು ಅರ್ಧ ಪರಿಹಾರವೂ ಅಲ್ಲ. ಇಲ್ಲಿ ಫುಟ್‌ಪಾತಿನ ಮೇಲೂ ಓಡುವುದು ಸ್ಕೂಟರು.

ನಾನು ಇದನ್ನೆಲ್ಲ ಯೋಚಿಸುವುದು ನಾನಿರುವ ಜಾಗದ ಕಾರಣಕ್ಕೆ. ಪುಣೆಯ ಕನ್ನಡಿಗರಿಗೆ ನವಲೆ ಬ್ರಿಜ್ ಯಾವುದೆಂದು ಹೇಳಬೇಕಾಗಿಲ್ಲ. ಊರಿಂದ ಬರುವಾಗ ನಿಪ್ಪಾಣಿ, ಕಾಗಲ್, ಕೊಲ್ಹಾಪುರ, ಕರಾಡ, ಸಾತಾರಾ ದಾಟಿ, ಖಂಬಾಟಕಿ ಘಾಟ್ ಇಳಿದು, ಕೊನೆಗೆ ಕಾತ್ರಜ್‌ನ ಹೊಸ ಸುರಂಗದೊಳಗೆ ಬಸ್ಸು ನುಗ್ಗಿತೆಂದರೆ ಎಲ್ಲರೂ ಎದ್ದು ಬ್ಯಾಗ್ ತಡಕುತ್ತಾರೆ. ಸುರಂಗ ದಾಟಿದ ಕೂಡಲೇ ಪುಣೆಯ ದೀಪಗಳು ಕಾಣುತ್ತವೆ. ಅಲ್ಲಿಂದ ನವಲೆ ಬ್ರಿಜ್ಜಿನವರೆಗೆ ಹಲವು ಕಿಲೋಮೀಟರ್ ಒಂದೇ ಸಮನೆ ಇಳುಕಲು. ಇಳುಕಲಿನ ತುದಿಗೆ ಊರು ಬೆಳೆದಿದೆ. ಆಂಬೇಗಾಂವ್, ನರ್‍ಹೆ, ವಡಗಾಂವ್, ಧಾಯರಿ. ಇಂಜಿನಿಯರಿಂಗ್ ಕಾಲೇಜು, ಹಾಸ್ಟೆಲ್ಲು, ಅಪಾರ್ಟ್‌ಮೆಂಟು, ಸಾವಿರಾರು ಸ್ಕೂಟರುಗಳು. ಮೇಲಿಂದ ಇಳಿಯುವುದು ದಕ್ಷಿಣ ಭಾರತದಿಂದ ಮುಂಬೈಗೆ ಹೋಗುವ ಸರಕು.

2022ರ ನವೆಂಬರ್ 20ರ ರಾತ್ರಿ ಇಲ್ಲಿ ಒಂದು ಭಾರಿ ವಾಹನದಿಂದ ಶುರುವಾದ ಡಿಕ್ಕಿಯಲ್ಲಿ ಸುಮಾರು 48 ವಾಹನಗಳು ಜಖಂ ಆದವೆಂದು ವರದಿಯಾಯಿತು. 2025ರ ನವೆಂಬರ್ 13ರಂದು ಕಂಟೇನರ್ ಲಾರಿಯೊಂದು ಹಿಡಿತ ತಪ್ಪಿ ಇಳಿದು, ಕಾರೊಂದು ಎರಡು ಭಾರಿ ವಾಹನಗಳ ನಡುವೆ ಅಪ್ಪಚ್ಚಿಯಾಗಿ ಬೆಂಕಿ ಹತ್ತಿತು. ಎಂಟು ಜನ ಸತ್ತರು. ಈ ಎರಡು ದೊಡ್ಡ ಸುದ್ದಿಗಳ ನಡುವೆ ಸುದ್ದಿಯಾಗದೆ ಹೋದವುಗಳನ್ನು ಇಲ್ಲಿಯ ಚಹಾದಂಗಡಿಯವರು ಮಾತ್ರ ನೆನಪಿಟ್ಟಿದ್ದಾರೆ.

ಕಾರಣ ತಿಳಿಯಲು ಲಾರಿಯವರನ್ನೇ ಕೇಳಬೇಕು. ಶಿರವಳದ ಆಚೆ ಒಂದು ಧಾಬಾದಲ್ಲಿ ಹುಬ್ಬಳ್ಳಿ ಕಡೆಯ ಡ್ರೈವರ್ ಒಬ್ಬರು ಸಿಕ್ಕಿದ್ದರು. ಐವತ್ತರ ಆಚೀಚೆ ವಯಸ್ಸು, ಮೂವತ್ತು ವರ್ಷದ ಅನುಭವ. ಊಟ ಮುಗಿಸಿ ಟಯರಿಗೆ ಕೋಲಿನಿಂದ ಬಡಿದು ಗಾಳಿ ನೋಡುತ್ತಿದ್ದರು. ನವಲೆಯ ಮಾತೆತ್ತಿದ್ದಕ್ಕೆ ಕೋಲು ಕೆಳಗಿಟ್ಟರು.

'ಸುರಂಗ ದಾಟಿದ ಮ್ಯಾಲೆ ಗಾಡಿ ತಾನ ಉರುಳತೈತ್ರಿ. ಡೀಜೆಲ್ ಉಳೀಲಿ ಅಂತ ನ್ಯೂಟ್ರಲ್ ಮಾಡಿ ಬಿಡತಾರ. ಆಮ್ಯಾಗ ಎಲ್ಲಾ ಭಾರ ಬ್ರೇಕಿನ ಮ್ಯಾಲೆ. ಒತ್ತಿ ಒತ್ತಿ ಡ್ರಮ್ ಕಾದು ಕೆಂಡ ಆಗತೈತಿ. ಕೆಳಗ ಬರೂದ್ರಾಗ ಬ್ರೇಕ್ ಒತ್ತಿದ್ರ ಹಿಡಿಯೂದೇ ಇಲ್ಲ.'

'ಹಂಗಾರ ಗೇರಿನ್ಯಾಗ ಇಳಿಸಬಾರದೇನ್ರಿ?'

'ಇಳಸಬೇಕ್ರಿ, ಸಣ್ಣ ಗೇರಿನ್ಯಾಗ ಇಳಸಬೇಕು. ಇಂಜನ್ನೇ ಗಾಡಿ ಹಿಡೀತೈತಿ. ಆದ್ರ ಟ್ರಿಪ್ಪಿಗೆ ಇಷ್ಟೇ ಡೀಜೆಲ್ ಅಂತ ಮಾಲಕ್ರು ಲೆಕ್ಕ ಕೊಟ್ಟಿರತಾರ. ಹೆಚ್ಚಿಗಿ ಆದ್ರ ಪಗಾರದಾಗ ಕಟ್.'

2022ರ ಅಪಘಾತದ ತನಿಖೆಯಲ್ಲೂ ಇದೇ ನ್ಯೂಟ್ರಲ್ ಮಾತು ಕೇಳಿಬಂದಿತ್ತು. ಚಾಲಕ ತಪ್ಪು ಮಾಡಿದ ಎಂದು ಅಲ್ಲಿಗೇ ಮಾತು ಮುಗಿಸುವುದು ಸುಲಭ. ಆದರೆ ಆ ಒಂದು ಕೈ ಗೇರ್ ಲಿವರನ್ನು ನ್ಯೂಟ್ರಲ್ಲಿಗೆ ತಳ್ಳುವುದರ ಹಿಂದೆ ಡೀಸೆಲ್ಲಿನ ಬೆಲೆ ಇದೆ, ಮಾಲೀಕರ ಲೆಕ್ಕವಿದೆ, ನಿದ್ದೆಯಿಲ್ಲದ ರಾತ್ರಿ ಇದೆ, ಹೆದ್ದಾರಿಯ ಇಳುಕಲನ್ನು ನೇರ ಊರೊಳಗೆ ತಂದು ಬಿಟ್ಟ ಇಂಜಿನಿಯರುಗಳ ನಕ್ಷೆಯೂ ಇದೆ. ಉಬ್ಬುಪಟ್ಟಿ ಹಾಕಿದ್ದಾರೆ, ಕ್ಯಾಮೆರಾ ಕೂರಿಸಿದ್ದಾರೆ, ವೇಗಮಿತಿಯ ಫಲಕ ನಿಲ್ಲಿಸಿದ್ದಾರೆ. ಅವೆಲ್ಲ ಬೇಕಾದದ್ದೇ. ಆದರೂ ಬ್ರೇಕ್ ಕಾದ ಲಾರಿಗೆ ಫಲಕ ಓದಿ ಏನೂ ಮಾಡಲಾಗುವುದಿಲ್ಲ.

ಇಲ್ಲಿ ಬ್ಯಾಟರಿ ಗಾಡಿ ನಿಜವಾಗಿ ಒಂದು ಉಪಕಾರ ಮಾಡಬಲ್ಲದು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಇಲೆಕ್ಟ್ರಿಕ್ ವಾಹನ ಇಳುಕಲಿಗೆ ಬಿದ್ದಾಗ ಕಾಲು ತೆಗೆದರೆ ಸಾಕು, ಮೋಟರೇ ಡೈನಮೊ ಆಗಿ ಚಕ್ರವನ್ನು ತಡೆಯುತ್ತದೆ, ಇಳಿಯುವ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಬ್ರೇಕಿನ ಡ್ರಮ್ ತಂಪಾಗಿಯೇ ಇರುತ್ತದೆ. ಡೀಸೆಲ್ ಲಾರಿಯಲ್ಲಿ ಸುರಕ್ಷಿತವಾಗಿ ಇಳಿದರೆ ದುಡ್ಡು ಹೋಗುತ್ತದೆ ಎಂಬ ಲೆಕ್ಕ, ಇಲ್ಲಿ ಸುರಕ್ಷಿತವಾಗಿ ಇಳಿದಷ್ಟೂ ಚಾರ್ಜ್ ಸಿಗುತ್ತದೆ ಎಂದು ತಿರುಗುತ್ತದೆ. ಮಾಲೀಕರ ಲೋಭವೂ ಚಾಲಕನ ಜೀವವೂ ಮೊದಲ ಬಾರಿ ಒಂದೇ ಬದಿಗೆ ನಿಲ್ಲುತ್ತವೆ. ಮುಂಬೈ-ಪುಣೆ ನಡುವೆ ಓಡುವ, ಮಹಾರಾಷ್ಟ್ರ ರಾಜ್ಯ ಸಾರಿಗೆಯ ಎಸ್‌ಟಿ ನಿಗಮದ ಇ-ಶಿವನೇರಿ ಇಲೆಕ್ಟ್ರಿಕ್ ಬಸ್ಸುಗಳು ಬೋರ್ ಘಾಟ್ ಇಳಿಯುವುದು ಹೀಗೆಯೇ. ಒಂದು ಎಚ್ಚರ ಮಾತ್ರ ಬೇಕು. ಘಾಟಿನ ನೆತ್ತಿಯಲ್ಲೇ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಹೊರಟರೆ ಮರಳಿದ ಶಕ್ತಿಗೆ ಜಾಗ ಇರುವುದಿಲ್ಲ, ಆಗ ಮೋಟರಿನ ತಡೆ ಕುಗ್ಗಿ ಮತ್ತೆ ಮಾಮೂಲಿ ಬ್ರೇಕಿನ ಮೇಲೆಯೇ ಭಾರ ಬೀಳುತ್ತದೆ. ಘಾಟಿನ ಮೇಲೆ ಚಾರ್ಜಿಂಗ್ ಸ್ಟೇಷನ್ ಕಟ್ಟುವವರು, ಚಾಲಕರಿಗೆ ತರಬೇತಿ ಕೊಡುವವರು ಇದನ್ನು ಮೊದಲ ಪಾಠವಾಗಿ ಹೇಳಬೇಕು.

ಹಾಗಿದ್ದರೆ ಸರ್ಕಾರದ ರಿಯಾಯಿತಿ ಮೊದಲು ಎಲ್ಲಿಗೆ ಹೋಗಬೇಕಿತ್ತು? ಈ ಇಳುಕಲಿನ ಲಾರಿಗಳಿಗೆ, ಬಸ್ಸುಗಳಿಗೆ. ಕಣ್ಣಿಗೆ ಕಾಣುತ್ತಿರುವುದು ಬೇರೆ. ಮಹಾರಾಷ್ಟ್ರದ 2025ರ ನೀತಿಯಲ್ಲಿ ಬಸ್ಸುಗಳಿಗೂ ಸವಲತ್ತು ಇದೆ, ಸುಳ್ಳಲ್ಲ. ಆದರೆ ಅದೇ ನೀತಿಯಲ್ಲಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ, ಮುಂಬೈಯ ಸಮುದ್ರ ಸೇತುವೆಯಾದ ಅಟಲ್ ಸೇತು, ಮುಂಬೈ-ನಾಗಪುರ ನಡುವಿನ ಸಮೃದ್ಧಿ ಮಹಾಮಾರ್ಗಗಳಲ್ಲಿ ಇಲೆಕ್ಟ್ರಿಕ್ ಕಾರುಗಳಿಗೆ ಟೋಲ್ ಮಾಫಿ. ಎಕ್ಸ್‌ಪ್ರೆಸ್‌ವೇಯಲ್ಲಾಗಲಿ ಅಟಲ್ ಸೇತುವಿನಲ್ಲಾಗಲಿ ಸ್ಕೂಟರು, ಬೈಕು, ರಿಕ್ಷಾಗಳಿಗೆ ಪ್ರವೇಶವೇ ಇಲ್ಲ. ಅಲ್ಲಿ ಟೋಲ್ ಉಳಿಸಿಕೊಳ್ಳುವವರು ಯಾರು ಎಂಬುದು ಬೇರೆ ಹೇಳಬೇಕಾಗಿಲ್ಲ.

ಕಾರಿನ ಮೋಹ ನಮ್ಮ ಜನಕ್ಕೂ ಕಡಿಮೆ ಇಲ್ಲ. ಪಂಚಮಿಗೋ ದೀಪಾವಳಿಗೋ ಪುಣೆಯಿಂದ ಊರಿಗೆ ಹೋದರೆ ನೌಕರಿ, ಆರೋಗ್ಯ ಕೇಳುವ ಮೊದಲೇ 'ಗಾಡಿ ತಗೊಂಡ್ಯೋ ಇಲ್ಲೋ' ಅನ್ನುತ್ತಾರೆ. ಗಾಡಿ ಅಂದರೆ ಕಾರು, ಅದೂ ಎತ್ತರದ ಕಾರು. ಮದುವೆ ಮಾತುಕತೆಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಬಡತನ ಕಂಡ ಮನೆಗಳಲ್ಲಿ ಕಾರು ಬಂದ ದಿನದ ಸಂಭ್ರಮವನ್ನು ನಾನು ಕಡೆಗಣಿಸಲಾರೆ. ಎತ್ತಿನ ಬಂಡಿಯಲ್ಲಿ, ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಆಸ್ಪತ್ರೆಗೆ ಹೋದವರ ಮೊಮ್ಮಕ್ಕಳು ಸ್ವಂತ ಕಾರಿನಲ್ಲಿ ಅಜ್ಜಿಯನ್ನು ಕರೆದೊಯ್ಯುವುದು ಸಣ್ಣ ಮಾತಲ್ಲ. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಟಯರಿನ ಕೆಳಗೆ ನಿಂಬೆಹಣ್ಣಿಟ್ಟು, ಮನೆಮಂದಿಯೆಲ್ಲ ಕೈಮುಗಿಯುವುದು ಈ ಗಾಡಿ ಯಾರ ಜೀವವನ್ನೂ ತೆಗೆಯದಿರಲಿ ಎಂದೇ ಅಲ್ಲವೇ? ಆ ಪ್ರಾರ್ಥನೆ ಗಾಡಿಯ ಒಳಗಿನವರಷ್ಟೇ ಹೊರಗಿನವರಿಗೂ ಸಲ್ಲಬೇಕು.

ಈಗ ಎಲ್ಲರ ಬಾಯಲ್ಲೂ ಐದು ಸ್ಟಾರ್. ಕಾರಿನ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರಿನಲ್ಲಿ ಶುರುವಾಯಿತು, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರನ್ನು ಮುಂದಿನಿಂದ ಗುದ್ದಿಸಿ ನೋಡುತ್ತಾರೆ. ನಮ್ಮಲ್ಲೇ ತಯಾರಾದ ಬ್ಯಾಟರಿ ಕಾರುಗಳು ಐದಕ್ಕೆ ಐದು ಸ್ಟಾರ್ ಪಡೆದಿವೆ. ಹೆಮ್ಮೆಯ ವಿಷಯವೇ. ಆದರೆ ಆ ಸ್ಟಾರ್ ಎಣಿಸುವುದು ಮುಖ್ಯವಾಗಿ ಒಳಗೆ ಕೂತ ದೊಡ್ಡವರ, ಮಕ್ಕಳ ರಕ್ಷಣೆಯನ್ನು. ಅದೂ ಬೆಲ್ಟ್ ಹಾಕಿಕೊಂಡಿದ್ದರೆ ಮಾತ್ರ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಒಳ್ಳೆಯ ಕಾರಿನಲ್ಲೇ. ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಅದಾದ ಮೇಲೂ ನಮ್ಮ ಬಂಧುಗಳ ಕಾರಿನಲ್ಲಿ ಹಿಂದೆ ಕೂತು ಬೆಲ್ಟ್ ಎಳೆದರೆ 'ಅಯ್ಯ, ಹಿಂದ ಯಾರ್ ಕೇಳ್ತಾರ ಬಿಡೋ' ಎಂಬ ಮಾತು ತಪ್ಪಿಲ್ಲ. ಕೇಳುವವರು ಪೊಲೀಸರೇ ಆಗಬೇಕೇ?

ಊರು ಬಿಟ್ಟು ಬಂದವರ ಸಾವು ಊರಿಗೆ ಹೇಗೆ ತಲುಪುತ್ತದೆ ಎಂಬುದು ವಿಜಯಪುರ ಜಿಲ್ಲೆಯವರಿಗೆ ಗೊತ್ತಿದೆ. 2018ರ ಏಪ್ರಿಲ್ 10ರ ನಸುಕಿನಲ್ಲಿ ಅಲ್ಲಿಂದ ಶಿರವಳದ ಕೈಗಾರಿಕಾ ಪ್ರದೇಶದ ಕಡೆಗೆ ಕೂಲಿಗೆ ಹೊರಟಿದ್ದ ಕುಟುಂಬಗಳನ್ನು ತುಂಬಿಕೊಂಡಿದ್ದ ಗಾಡಿ ಸಾತಾರಾ ಜಿಲ್ಲೆಯ ಖಂಡಾಳಾ ಬಳಿಯ ತಿರುವಿನಲ್ಲಿ ಉರುಳಿತು. 18 ಜನ ಸತ್ತರು. ಸರಕು ಸಾಗಿಸುವ ಗಾಡಿಯಲ್ಲಿ ಸಾಮಾನಿನ ಜೊತೆ ಕೂತಿದ್ದ ಜನ. ಅವರಿಗೆ ಏರ್‌ಬ್ಯಾಗಿಲ್ಲ, ಬೆಲ್ಟಿಲ್ಲ, ಸ್ಟಾರಿಲ್ಲ, ಸೀಟೂ ಇರಲಿಲ್ಲ. ರಸ್ತೆ ಸುರಕ್ಷತೆ ಎಂದಾಗ ಮೊದಲು ನನ್ನ ಕಣ್ಣ ಮುಂದೆ ಬರುವುದು ಇವರು. ಗಾರೆ ಕೆಲಸಕ್ಕೆ ಬರುವವರಿಗೆ ಕೂರಲು ಒಂದು ಬಸ್ಸು ಕೊಡಿಸಲಾಗದ ಹೆದ್ದಾರಿಯ ಮೇಲೆ ನಾವು ಸದ್ದಿಲ್ಲದ ಕಾರುಗಳನ್ನು ಓಡಿಸುತ್ತಿದ್ದೇವೆ.

ಬಸ್ಸಿನ ವಿಚಾರದಲ್ಲಿ ಪುಣೆ ಒಂದು ಕಾಲಕ್ಕೆ ಎಲ್ಲರಿಗಿಂತ ಮುಂದಿತ್ತು. ದೇಶದ ಮೊದಲ ಬಿಆರ್‌ಟಿ, ಅಂದರೆ ಬಸ್ಸಿಗೇ ಮೀಸಲಾದ ದಾರಿ, 2006ರ ಡಿಸೆಂಬರಿನಲ್ಲಿ ಕಾತ್ರಜ್-ಸ್ವಾರ್‌ಗೇಟ್-ಹಡಪ್ಸರ್ ನಡುವೆ ಶುರುವಾದದ್ದು ಇಲ್ಲೇ. 2019ರ ಫೆಬ್ರವರಿಯಲ್ಲಿ ಪುಣೆಯ ನಗರ ಸಾರಿಗೆ ಸಂಸ್ಥೆ ಪಿಎಂಪಿಎಂಎಲ್ ಇಲೆಕ್ಟ್ರಿಕ್ ಬಸ್ಸುಗಳನ್ನು ರಸ್ತೆಗಿಳಿಸಿತು. ನಾನು ಆಫೀಸಿಗೆ ಹೋಗುವುದು ಹೆಚ್ಚಾಗಿ ಆ ಬಸ್ಸಿನಲ್ಲೇ. ಬಾಗಿಲ ಹತ್ತಿರ ನೆಲ ತಗ್ಗಾಗಿರುವುದರಿಂದ ಮೊಣಕಾಲು ನೋವಿನವರೂ ಕೈಹಿಡಿಸಿಕೊಳ್ಳದೆ ಹತ್ತುತ್ತಾರೆ. ಒಳಗೆ ಇಂಜಿನ್ನಿನ ಅದುರು ಇಲ್ಲದ ಕಾರಣ ಹಿಂದಿನ ಸೀಟಿನಲ್ಲಿ ಎರಡು ಹುಡುಗಿಯರು ಪಿಸುದನಿಯಲ್ಲಿ ಧಾರವಾಡದ ಕನ್ನಡದಲ್ಲಿ ಪರೀಕ್ಷೆಯ ಮಾತಾಡುವುದೂ ಕೇಳಿಸುತ್ತದೆ. ಒಂದು ಬಸ್ಸಿನಲ್ಲಿ ಐವತ್ತು ಅರವತ್ತು ಜನ, ಅಂದರೆ ಅಷ್ಟು ಸ್ಕೂಟರುಗಳು ಅಷ್ಟು ಹೊತ್ತು ಲಾರಿಯ ಚಕ್ರದ ಪಕ್ಕದಲ್ಲಿ ಇಲ್ಲ. ಇಲೆಕ್ಟ್ರಿಕ್ ಎನ್ನುವುದು ಗಾಳಿಗೂ ಜೀವಕ್ಕೂ ಒಟ್ಟಿಗೆ ಒಳ್ಳೆಯದಾಗುವ ಜಾಗ ಇದು. ದುಃಖದ ಸಂಗತಿ ಎಂದರೆ ಬಿಆರ್‌ಟಿ ದಾರಿಯನ್ನು ಕೆಲವೆಡೆ ಕಾರುಗಳಿಗೆ ಅಡ್ಡಿ ಎಂದು ಕಿತ್ತೇ ಹಾಕಿದರು, ಉಳಿದೆಡೆ ಅದರೊಳಗೆ ಎಲ್ಲರೂ ನುಗ್ಗುತ್ತಾರೆ. ಬಸ್ಸು ಮತ್ತೆ ಅದೇ ಜಂಗುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಮನಸ್ಸು ಮಾಡಿದರೆ ಸಾವು ತಗ್ಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 2016ರಲ್ಲಿ 151 ಜನ ಸತ್ತಿದ್ದರು. ರಸ್ತೆ ಸುರಕ್ಷತೆಗಾಗಿ ದುಡಿಯುವ ಸೇವ್‌ಲೈಫ್ ಫೌಂಡೇಷನ್ ಎಂಬ ಸಂಸ್ಥೆ, ರಸ್ತೆ ನಿಗಮ, ಹೆದ್ದಾರಿ ಪೊಲೀಸರು ಕೂಡಿ ಒಂದೊಂದೇ ಅಪಘಾತದ ಜಾಗಕ್ಕೆ ಹೋಗಿ ಕಾರಣ ಹುಡುಕಿದರು. ಬರಿದೇ ನಿಂತ ಕಾಂಕ್ರೀಟ್ ಕಂಬಗಳಿಗೆ ತಡೆಬೇಲಿ ಹಾಕಿದರು, ದಂಡೆಗೆ ನಿಲ್ಲಿಸಿದ ಲಾರಿಗಳನ್ನು ತೆಗೆಸಿದರು, ಅಂಬುಲೆನ್ಸ್ ಬೇಗ ಬರುವಂತೆ ಮಾಡಿದರು, ವೇಗ ಹಿಡಿದು ದಂಡ ಹಾಕಿದರು. ಕೆಲವೇ ವರ್ಷಗಳಲ್ಲಿ ಸಾವಿನ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಚಾಲಕರು ಅವರೇ, ಗಾಡಿಗಳೂ ಅವೇ. ಜನರ ಸ್ವಭಾವವೇ ಕೆಟ್ಟದ್ದು ಎಂದು ಕೈಚೆಲ್ಲುವವರಿಗೆ ಈ ರಸ್ತೆಯನ್ನು ತೋರಿಸಬೇಕು.

ಬ್ಯಾಟರಿ ಗಾಡಿಗಳ ವಿಷಯದಲ್ಲಂತೂ ಇನ್ನೂ ಸುಲಭದ ದಾರಿ ಇದೆ. ಅದರ ವೇಗ ಇರುವುದು ಕಂಪ್ಯೂಟರಿನ ಕೈಯಲ್ಲಿ. 250 ವ್ಯಾಟ್ ಮೀರದ, ಗಂಟೆಗೆ 25 ಕಿಲೋಮೀಟರ್ ದಾಟದ ಸ್ಕೂಟರಿಗೆ ನಮ್ಮ ಕಾನೂನಿನಲ್ಲಿ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಅಂದರೆ ವೇಗಕ್ಕೆ ಕಾರ್ಖಾನೆಯಲ್ಲೇ ಬೀಗ ಹಾಕಬಹುದು ಎಂದು ಸರ್ಕಾರ ಈಗಾಗಲೇ ಒಪ್ಪಿದೆ. ಆ ಬೀಗ ಮುರಿದು ಮಾರುವವರ ಮೇಲೆ 2022ರಲ್ಲಿ ಮಹಾರಾಷ್ಟ್ರದ ಸಾರಿಗೆ ಇಲಾಖೆ ಕ್ರಮವನ್ನೂ ಕೈಗೊಂಡಿತ್ತು. ಆದರೆ ದೊಡ್ಡ ಕಾರಿಗೆ ಇರುವುದೇನು? 2019ರ ಜುಲೈಯಿಂದ ಹೊಸ ಕಾರುಗಳು 80 ದಾಟಿದರೆ ಆಗಾಗ, 120 ದಾಟಿದರೆ ಸತತವಾಗಿ ಬೀಪ್ ಅನ್ನುತ್ತವೆ, ಅಷ್ಟೇ. ಡೆಲಿವರಿ ಹುಡುಗನ ಸ್ಕೂಟರಿಗೆ ಬೀಗ, ಕೋಟಿಯ ಕಾರಿಗೆ ಬರೀ ಸೀಟಿ. ತೆರಿಗೆ ಮಾಫಿ ಪಡೆದ ಪ್ರತಿ ಕಾರೂ ಊರೊಳಗೆ ಊರಿನ ವೇಗಮಿತಿಯನ್ನು ಮೀರದಂತೆ ಸಾಫ್ಟ್‌ವೇರಿನಲ್ಲೇ ಕಟ್ಟುಪಾಡು ಹಾಕಬೇಕು ಎಂದು ನಾನು ಕೇಳುತ್ತೇನೆ. ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಲ್ಲೂ ಆ ರಸ್ತೆಯ ವೇಗಮಿತಿ ಗುರುತಿಸಿ ಚಾಲಕನನ್ನು ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ನಾವು ಒಂದು ಹೆಜ್ಜೆ ಮುಂದೆ ಹೋದರೆ ತಪ್ಪೇನು? ಸಾರ್ವಜನಿಕರ ದುಡ್ಡಿಗೆ ಸಾರ್ವಜನಿಕರ ಷರತ್ತು.

ನನ್ನ ಅಕ್ಕನ ಮಗ ಚಾಕಣದಲ್ಲಿ, ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಘಟಕದಲ್ಲಿ ಕೆಲಸಕ್ಕಿದ್ದಾನೆ. ಎರಡನೆಯ ಪಾಳಿ ಮುಗಿಯುವಾಗ ಮಧ್ಯರಾತ್ರಿಯಾಗುತ್ತದೆ. ಬ್ಯಾಟರಿ ಸ್ಕೂಟರ್ ಕೊಳ್ಳುತ್ತೇನೆ, ಯಾವುದು ಒಳ್ಳೆಯದು ಮಾಮಾ ಎಂದು ಫೋನ್ ಮಾಡಿದ್ದ. ಬ್ಯಾಟರಿಗೆ ಬೆಂಕಿ ಹತ್ತುತ್ತದಂತಲ್ಲ ಎಂಬ ಹೆದರಿಕೆ ಅವನದು. 2022ರ ಬೆಂಕಿ ಪ್ರಕರಣಗಳಾದ ಮೇಲೆ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿಯಾಗಿದೆ, ಅದಕ್ಕೆ ಅಷ್ಟು ಹೆದರಬೇಡ ಅಂದೆ. ಹೆಲ್ಮೆಟ್ ಐಎಸ್‌ಐ ಗುರುತಿನದೇ ತಗೋ, ಗಲ್ಲದ ಪಟ್ಟಿ ಬಿಗಿದು ಹಾಕು, ಇಕೋ ಮೋಡ್ ಬಿಟ್ಟು ಮೇಲೆ ಹೋಗಬೇಡ, ಲಾರಿಯ ಎಡಗಡೆ ಎಂದೂ ನುಗ್ಗಬೇಡ ಅಂದೆ. ಎಲ್ಲಕ್ಕೂ ಹೂಂ ಅಂದು, ಕೊನೆಗೆ ಅವನೇ ಹೇಳಿದ: 'ರಾತ್ರಿ ಹನ್ನೆರಡಕ್ಕ ಒಂದ ಬಸ್ ಇದ್ದಿದ್ರ ನನಗ ಸ್ಕೂಟರ್ ಯಾಕ ಬೇಕಿತ್ತು ಮಾಮಾ? ನಮ್ಮ ಲೈನಿನ್ಯಾಗ ಎಲ್ಲಾರೂ ಇದನ್ನ ಅಂತಾರ.' ಕೈಗಾರಿಕಾ ಪ್ರದೇಶದ ಪಾಳಿಯ ಸಮಯಗಳು ಎಲ್ಲರಿಗೂ ಗೊತ್ತಿರುವಂಥವೇ. ಆ ಸಮಯಗಳಿಗೆ ಸರಿಯಾಗಿ ಚಾಕಣದಿಂದ ಭೋಸರಿಗೆ, ನಿಗಡಿಗೆ ರಾತ್ರಿ ಇಲೆಕ್ಟ್ರಿಕ್ ಬಸ್ ಬಿಡಿ ಎಂದು ಅವನೂ ಅವನ ಜೊತೆಯವರೂ ಸಹಿ ಕೂಡಿಸುತ್ತಿದ್ದಾರೆ. ಮರಾಠಿಯ ಅರ್ಜಿಯನ್ನು ನಾನು ತಿದ್ದಿ ಕೊಟ್ಟಿದ್ದೇನೆ. ಆ ಭಾಗದಲ್ಲಿ ಕೆಲಸ ಮಾಡುವ ಕನ್ನಡಿಗರು ಇದನ್ನು ಓದುತ್ತಿದ್ದರೆ ನಿಮ್ಮ ಪಾಳಿ ಎಷ್ಟಕ್ಕೆ ಮುಗಿಯುತ್ತದೆ, ಎಲ್ಲಿ ಇಳಿಯುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ, ಅರ್ಜಿಗೆ ಸೇರಿಸುತ್ತೇವೆ.